ಕೇಳಿ ಪಡೆದ ಆಟದ ಪೀರಿಯಡ್

ಫೆಬ್ರವರಿ 8, ಗುರುವಾರ

ಇವತ್ತೂ ಹತ್ತನೇ ತರಗತಿಯ ಆಟದ ಪೀರಿಯಡ್ಡನ್ನು ನನ್ನ ಗಣಿತಕ್ಕೆ ತೆಗೆದುಕೊಂಡೆ. ಒಂದೇ ತಿಂಗಳಲ್ಲಿ ಇದು ನಾಲ್ಕನೇ ಸಲ. ಪಿ.ಟಿ. ಸರ್ ಸೀಟಿಯನ್ನು ಜೇಬಿಗಿಳಿಸುತ್ತ, "ತಗೊಳ್ಳಿ ಮೇಡಂ, ನನ್ನ ಸಬ್ಜೆಕ್ಟಲ್ಲಿ ಯಾರೂ ಫೇಲಾಗಲ್ವಲ್ಲ" ಎಂದರು. ನಗುತ್ತಲೇ ಅಂದರು. ಮುಂದಿನ ಬೆಂಚಿನ ಹುಡುಗಿ ಆಗಲೇ ಬಿಗಿದುಕೊಂಡಿದ್ದ ಶೂ ಲೇಸನ್ನು ಸಡಿಲಿಸಿ, ಪುಸ್ತಕ ತೆಗೆದಳು. ಅದೇ ಕಣ್ಣಮುಂದಿದೆ.

ಅವಳ ವಯಸ್ಸಿನಲ್ಲಿ ರಿಲೇಯ ಕೊನೆಯ ಓಟ ನನ್ನದು. ಓಡಿ ಬಂದು, ನಲ್ಲಿಗೆ ಬೊಗಸೆಯೊಡ್ಡಿ ನೀರು ಕುಡಿದು, ಮಣ್ಣಿನ ಕಾಲಲ್ಲೇ ಗಣಿತದ ಕ್ಲಾಸಿನಲ್ಲಿ ಕೂರುತ್ತಿದ್ದೆ. ಏದುಸಿರು ಇಳಿಯುವ ಮೊದಲೇ ಲೆಕ್ಕಗಳು ಬಿಡಿಸಿಕೊಳ್ಳುತ್ತಿದ್ದವು. "ಏನೇ ಕುದುರೆ, ಓಡಿ ಬಂದ ದಿನವೇ ನಿಂಗೆ ಎಲ್ಲಾ ಸರಿ ಬರುತ್ತಲ್ಲೇ" ಎನ್ನುತ್ತಿದ್ದರು ನಮ್ಮ ಗಣಿತದ ಟೀಚರ್. ಅದು ನಿಜವೋ, ನೆನಪೇ ಅದನ್ನು ಸಿಹಿ ಮಾಡಿಕೊಂಡಿದೆಯೋ, ತಿಳಿಯದು. ಅವರು ಮಾತ್ರ ಒಂದು ದಿನವೂ ನಮ್ಮ ಆಟದ ಪೀರಿಯಡ್ ಕೇಳಲಿಲ್ಲ. ನಾನು ಗಣಿತ ಹಿಡಿದದ್ದೇ ಅವರಿಂದ.

ನಾಳೆ ಮೂರನೇ ಪೀರಿಯಡ್ ನನ್ನದು. ಅದನ್ನು ಪಿ.ಟಿ. ಸರ್‌ಗೆ ಕೊಡಬೇಕು. ಎರಡು ಪಾಠ ಬಾಕಿ ಇರುವುದು ನಿಜ, ಹೆಡ್‌ಮಿಸ್ ಕರೆಸಿ ಕೇಳುವುದೂ ನಿಜ. ಬೆಳಿಗ್ಗೆಯೇ ಆ ಹುಡುಗಿಗೆ ಲೇಸ್ ಕಟ್ಟಿಕೋ ಎಂದುಬಿಟ್ಟರೆ, ಆಮೇಲೆ ನನಗೆ ಹಿಂದೆ ಸರಿಯಲು ಆಗುವುದಿಲ್ಲ.