ನಾಲ್ಕನೇ ಜ್ವರ

ಶಿಡ್ಲಘಟ್ಟ
24 ಅಕ್ಟೋಬರ್ 2025, ಶುಕ್ರವಾರ

ಪ್ರೀತಿಯ ತನುಜಮ್ಮಾ,

ಹೇಗಿದ್ದೀಯ? ಗಂಟಲ ಉರಿ ಪೂರ್ತಿ ಹೋಯಿತೇ? ಹೋದ ತಿಂಗಳು ನಿಮ್ಮ ಕ್ಯಾಂಪಸ್ಸಿನಲ್ಲಿ ಪೊಲೀಸರು ಅಶ್ರುವಾಯು ಹಾರಿಸಿದ ಮೇಲೆ ನೀನು ಫೋನಿನಲ್ಲಿ ಕೆಮ್ಮಿದ್ದು ನಿಮ್ಮಮ್ಮನ ಕಿವಿಯಲ್ಲಿ ಇನ್ನೂ ಕೂತಿದೆ. ಬಿಸಿನೀರು ಕುಡಿ ಎಂದು ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಇಲ್ಲಿ ದೀಪಾವಳಿ ಮುಗಿಯಿತು. ನಾವೆಲ್ಲ ಆರೋಗ್ಯ. ಅಜ್ಜಿಯ ಮಂಡಿನೋವು ಹಾಗೇ ಇದೆ. ಆದರೂ ಹುಳದ ಮನೆಗೆ ಹೋಗಿ ಬರುವುದನ್ನು ಬಿಟ್ಟಿಲ್ಲ. ಈ ಬೆಳೆ ಚೆನ್ನಾಗಿದೆಯಂತೆ, ನಿನ್ನೆಯಿಂದ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿವೆ.

ಫೋನಿನಲ್ಲಿ ಏನೂ ಬೇಡ, ಯಾರ ಫೋನನ್ನು ಯಾರು ನೋಡುತ್ತಿದ್ದಾರೋ ಗೊತ್ತಿಲ್ಲ ಎಂದು ನೀನೇ ಹೇಳಿದ್ದರಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ. ಚಿಂತಾಮಣಿಯ ಮಾಲಾ ರಜೆ ಮುಗಿಸಿಕೊಂಡು ನಾಳೆ ವಾಪಸ್ ಹೊರಡುತ್ತಾಳೆ. ನಿನ್ನ ಹಾಸ್ಟೆಲಿನವಳೇ ಆದ್ದರಿಂದ ಇದು ನಿನ್ನ ಕೈಗೇ ಸೇರುತ್ತದೆ.

ಮೊದಲು, ನನಗೆ ಒಪ್ಪಿಸಿದ ಮಾತು. ನಿಮ್ಮಮ್ಮ ಬೆಳಿಗ್ಗೆ ಈ ಹಾಳೆಗಳನ್ನು ತಂದು ಮುಂದಿಟ್ಟು, "ಬಾ ಅಂತ ಬರೀರಿ. ಬೇರೆ ಏನೂ ಬೇಡ" ಎಂದಳು. ಆದ್ದರಿಂದ ಬರೆಯುತ್ತೇನೆ: ಬಾ. ನರೇಂದ್ರ ಮಾವ ಇಪ್ಪತ್ತೊಂಬತ್ತನೇ ತಾರೀಕಿಗೆ ಬೆಲ್‌ಗ್ರೇಡಿನಿಂದ ಟಿಕೆಟ್ ಮಾಡಿಸಿದ್ದಾನೆ. ನವೆಂಬರ್ ಒಂದಕ್ಕೆ, ವರ್ಷದ ಸಭೆಗೆ ಜನ ಸೇರುವಾಗ, ನೀನು ಆ ಊರಿನಲ್ಲಿ ಇರಬಾರದು ಎಂಬುದೇ ಅದರ ಉದ್ದೇಶ.

ಕಾರಣವನ್ನೂ ಬರೆಯಬೇಕು. ಹೋದ ಭಾನುವಾರ ಮಾವ ಚಿಕ್ಕಬಳ್ಳಾಪುರದಿಂದ ಬೈಕಿನಲ್ಲಿ ಬಂದ. ಬಂದವನೇ ಹೆಲ್ಮೆಟ್ಟನ್ನೂ ತೆಗೆಯದೆ ಮೊಬೈಲ್ ಮುಂದೆ ಹಿಡಿದು, "ಅಕ್ಕ, ಇದು ನಮ್ಮ ತನುಜ ಅಲ್ವಾ?" ಎಂದ. ಯಾವುದೋ ಸುದ್ದಿ ವಾಹಿನಿಯ ತುಣುಕು. ಗುಂಪಿನ ಮೊದಲ ಸಾಲಿನಲ್ಲಿ ನೀನು, ಮೇಲೆತ್ತಿದ ಅಂಗೈಗೆ ಕೆಂಪು ಬಣ್ಣ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಗೋರಂಟಿ ಎಷ್ಟು ಚೆನ್ನಾಗಿ ಹತ್ತೈತೆ ನೋಡೇ" ಎಂದಳು. ಯಾರೂ ನಗಲಿಲ್ಲ. ನಿಮ್ಮ ಕೈಗೆ ರಕ್ತ ಅಂಟಿದೆ ಎಂದು ಸರ್ಕಾರಕ್ಕೆ ಹೇಳುವ ಗುರುತು ಅದು ಎಂದು ನಾನು ವಿವರಿಸಿದೆ. ಮಾವ ಪೊಲೀಸು, ಅವನು ಹೇಳಿದ್ದು ಇಷ್ಟೇ. "ನಾವು ಮೊದಲು ಮುಖ ನೋಡ್ತೀವಿ ಭಾವ, ಆಮೇಲೆ ಹೆಸರು ಹುಡುಕ್ತೀವಿ. ಅಲ್ಲಿಯವರೂ ಅಷ್ಟೇ." ಜನವರಿಯಲ್ಲಿ ಹೊರದೇಶದ ಕೆಲವರನ್ನು ದೇಶ ಬಿಡಲು ಹೇಳಿದ್ದು ಅವನಿಗೂ ಗೊತ್ತಿದೆ. ನಿನ್ನ ವಾಸದ ಪರವಾನಗಿ ನವೆಂಬರ್ ಕೊನೆಗೆ ಮುಗಿಯುತ್ತದೆ, ಅದನ್ನು ಮತ್ತೆ ಕೊಡುವವರೂ ಪೊಲೀಸರೇ. ಕೊಡದಿದ್ದರೆ ವಿದ್ಯಾರ್ಥಿವೇತನವೂ ಹೋಯಿತು, ಪದವಿಯೂ ಹೋಯಿತು. ಹೊರಡುವಾಗ ಅವನು ಹೋರಾಟದ ಪುಸ್ತಕಗಳಿರುವ ನನ್ನ ಕಪಾಟಿನ ಕಡೆ ನೋಡಿ, "ಅನುವಾದದಲ್ಲಿ ಓದೋಕೆ ಚೆನ್ನಾಗಿರುತ್ತೆ ಭಾವ, ಇದೆಲ್ಲ" ಎಂದ. ಆ ಮಾತು ಪೂರ್ತಿ ಸುಳ್ಳೂ ಅಲ್ಲ.

ಈ ಒಂದು ವರ್ಷದಲ್ಲಿ ನನಗೆ ಸರ್ಬಿಯಾ ಗೊತ್ತಾದಷ್ಟು ಆಂಧ್ರವೂ ಗೊತ್ತಿಲ್ಲ. ನಮ್ಮ ಸ್ಟಾಫ್ ರೂಮಿನ ಭೂಪಟದಲ್ಲಿ ಆ ಜಾಗದಲ್ಲಿ ಇನ್ನೂ ಯುಗೋಸ್ಲಾವಿಯಾ ಎಂದೇ ಇದೆ. ಹೋದ ವರ್ಷ ನವೆಂಬರ್ ಒಂದರಂದು ನಾನು ಶಾಲೆಯಲ್ಲಿ ರಾಜ್ಯೋತ್ಸವ ಮುಗಿಸಿ ಬಂದು ಕೂತಿದ್ದೆ. ಸಂಜೆ ನಿನ್ನ ಫೋನು. "ಅಪ್ಪ, ನಮ್ಮೂರ ರೈಲ್ವೆ ಸ್ಟೇಷನ್ನಿನ ಮುಂದಿನ ಸೂರು ಬಿದ್ದೋಯ್ತು." ನೀನು ನೋವಿ ಸಾದನ್ನು ನಮ್ಮೂರು ಎಂದದ್ದು ನನಗೆ ಆಗಲೇ ಕೇಳಿಸಿತು. ನೀನೂ ಮಾಲಾಳೂ ಅದರ ಹಿಂದಿನ ವಾರ ಅದೇ ಸೂರಿನ ಕೆಳಗೆ ಕೂತು ಬನ್ನು ತಿಂದಿದ್ದಿರಿ. ಸರ್ಕಾರ ಈಚೆಗಷ್ಟೇ ರಿಪೇರಿ ಮಾಡಿಸಿದ ಸ್ಟೇಷನ್ನು. ಸತ್ತವರು ಮೊದಲು ಹದಿನಾಲ್ಕು, ಆಮೇಲೆ ಹದಿನೈದು. ಅವರಿಗಾಗಿ ನೀವು ರಸ್ತೆಯ ಮಧ್ಯೆ ಹದಿನೈದು ನಿಮಿಷ ಮಾತಿಲ್ಲದೆ ನಿಲ್ಲತೊಡಗಿದಿರಿ. ನಿಮ್ಮ ತರಗತಿಗಳು ನಿಂತವು. ಜನವರಿಯಲ್ಲಿ ಪ್ರಧಾನಿ ರಾಜೀನಾಮೆ ಎಂದರು. ಬೆಲ್‌ಗ್ರೇಡಿನಿಂದ ಹುಡುಗರು ನಡೆದು ನಿಮ್ಮೂರಿಗೆ ಬಂದಾಗ ಹಳ್ಳಿಯವರು ದಾರಿಗೆ ಬಂದು ಊಟ ಕೊಟ್ಟರು ಎಂದು ನೀನು ಹೇಳಿದ್ದನ್ನು ಅಜ್ಜಿ ಎರಡು ಸಲ ಹೇಳಿಸಿಕೊಂಡಳು.

ನೀನು ಡಿಸೆಂಬರಿನಲ್ಲಿ ಕಳಿಸಿದ್ದ ಮೊದಲ ವೀಡಿಯೋ ನೆನಪಿದೆಯೇ? ಅಷ್ಟು ಜನ, ಬಸ್ಸುಗಳು ನಿಂತಿವೆ, ಕೆಮ್ಮುವವರೂ ಇಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಏಮ್ರಾ ಇದಿ, ಏನೋ ಇದು, ಜ್ವರಕ್ಕೆ ಕೂತಂಗವ್ರಲ್ಲ. ತಲೆ ಎತ್ಕೊಂಡು, ಅಲ್ಲಾಡ್ದಂಗೆ" ಎಂದಳು. ಹುಳುಗಳಿಗೆ ಹೋಲಿಸಿದ್ದು ಸರಿಯಾಗಿಯೇ ಇತ್ತು. ನಾನು ಅದನ್ನು ನಿನಗೆ ಹೇಳಿದೆ, ನೀನು ನಕ್ಕೆ, ಆ ಮಾತು ನಮ್ಮಿಬ್ಬರ ನಡುವೆ ಉಳಿಯಿತು. ಎಡವಟ್ಟಾದದ್ದು ಮಾರ್ಚಿನಲ್ಲಿ. ಬೆಲ್‌ಗ್ರೇಡಿನ ಆ ದೊಡ್ಡ ಸಭೆಯಲ್ಲಿ, ಮೌನದ ಮಧ್ಯೆ ಏನೋ ಸದ್ದಾಗಿ ಜನ ಎರಡೂ ಬದಿಗೆ ಚೆಲ್ಲಾಪಿಲ್ಲಿಯಾದರಲ್ಲ, ಆ ಸದ್ದು ನಮ್ಮದಲ್ಲ ಎಂದು ಸರ್ಕಾರ ಹೇಳಿತಲ್ಲ, ಅದಾದ ಸೋಮವಾರ, ನಾನು ಮನೆಯಲ್ಲೇ ಮರೆತು ಹೋಗಿದ್ದ ಫೋನಿಗೆ ನೀನು ಧ್ವನಿ ಕಳಿಸಿದ್ದೆ: "ಅಪ್ಪ, ಜ್ವರಕ್ಕೆ ಕೂತಿದ್ವಿ, ಮಧ್ಯದಲ್ಲಿ ಯಾರೋ ಅಲ್ಲಾಡಿಸಿಬಿಟ್ರು." ಅದನ್ನು ಕೇಳಿದ್ದು ನಿಮ್ಮಮ್ಮ. ಗೌರಿಬಿದನೂರು ಪೇಟೆಯಲ್ಲಿ ಬೆಳೆದವಳಿಗೆ ಜ್ವರವೆಂದರೆ ಮೈ ಸುಡುವ ಜ್ವರವೇ. ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ಅಲುಗದೆ ಕೂರುವುದಕ್ಕೆ ಈ ಕಡೆ ಅದೇ ಹೆಸರು ಎಂಬುದನ್ನು ಇಷ್ಟು ವರ್ಷವಾದರೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಹುಳದ ಮನೆಯ ವಾಸನೆಯೇ ಅವಳಿಗೆ ಆಗುವುದಿಲ್ಲವಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಪಕ್ಕದ ಮನೆಯ ಅಶ್ವತ್ಥಮ್ಮ ನೆಲಬೇವು ಕುಟ್ಟಿಕೊಂಡು ಬಂದು ಕೂತಿದ್ದರು. "ಆ ದೇಶದಲ್ಲಿ ಎಲ್ಲರಿಗೂ ಒಟ್ಟಿಗೇ ಬಂದೈತಂತೆ" ಎಂದು ನನಗೇ ತಿಳಿಸಿದರು. ಅವರು ಹೋದ ಮೇಲೆ ನಿಜ ಹೇಳಿದೆ. ನಿಮ್ಮಮ್ಮ ಆ ನೆಲಬೇವಿನ ಪುಡಿಯನ್ನು ಎತ್ತಿಡುತ್ತಾ, "ಜ್ವರ ಬಂದಿದ್ರೇ ಚೆನ್ನಾಗಿತ್ತು" ಎಂದಳು.

ಅದೇ ತಿಂಗಳು ಆಸ್ಪತ್ರೆಯಲ್ಲಿ ಹದಿನಾರನೆಯವರು ತೀರಿಕೊಂಡರು, ನಿಮ್ಮ ಮೌನವೂ ಹದಿನಾರು ನಿಮಿಷವಾಯಿತು. ಅಲ್ಲಿಂದೀಚೆಗೆ ನಿಮ್ಮಮ್ಮ ಆ ವಿಷಯ ಎತ್ತಿಲ್ಲ. ಮಾವ ಆ ತುಣುಕು ತೋರಿಸಿ ಹೋದ ಮೇಲೆ ಎರಡು ತುತ್ತಿಗಿಂತ ಹೆಚ್ಚು ಉಣ್ಣುತ್ತಿಲ್ಲ.

ನನ್ನ ಅಭಿಪ್ರಾಯ ಕೇಳಬೇಡ ಮಗಳೇ. ಇರು ಎಂದು ಬರೆದು ನಾಳೆ ನಿನಗೆ ಏನಾದರೂ ಆದರೆ ಈ ಮನೆಯಲ್ಲಿ ನಾನು ತಲೆ ಎತ್ತಲಾರೆ. ಬಾ ಎಂದು ಬರೆದಿದ್ದೇನೆ. ನೀನು ಬಂದು, ಒಂದನೇ ತಾರೀಕು ನಾನು ಶಾಲೆಯಲ್ಲಿ ಬಾವುಟ ಏರಿಸುವಾಗ ಇಲ್ಲಿ ಸುಮ್ಮನೆ ಕೂತಿದ್ದರೆ ನಿನ್ನ ಮುಖವನ್ನು ಹೇಗೆ ನೋಡುವುದೋ ಅದೂ ತಿಳಿಯದು. ಟಿಕೆಟ್ಟಿನ ಪ್ರತಿ ಇದರೊಳಗೆ ಇದೆ. ಮಾಲಾಳ ಕೈಯಲ್ಲಿ ನಿನ್ನ ಸ್ವೆಟರ್ ಕಳಿಸಿದ್ದೇನೆ.

ನಿನ್ನ ಜೊತೆಯ ಹುಡುಗರಿಗೆಲ್ಲ ನಮ್ಮ ನೆನಪು ಹೇಳು. ಅಜ್ಜಿ ನಿನ್ನ ತಲೆ ಸವರಿದ್ದಾಳೆ ಎಂದುಕೋ. ಬುದ್ಧನ ಕರುಣೆ ನಿನ್ನ ಮೇಲೂ, ಅಲ್ಲಿ ನಿಂತಿರುವ ಎಲ್ಲರ ಮೇಲೂ ಇರಲಿ.

ನಿನ್ನ ಅಪ್ಪ,
ಕೆಂಪರಾಜು

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಮ್ಮ ಕಾಗದ ಇಸಿದುಕೊಂಡು ಪೂರ್ತಿ ಓದಿದಳು. ಓದಿ ಎದ್ದು, ಮೂಗಿಗೆ ಸೆರಗು ಹಿಡಿದುಕೊಂಡು ಹುಳದ ಮನೆಗೆ ಹೋದಳು. ಅಜ್ಜಿಯ ಪಕ್ಕ ನಿಂತು ತಟ್ಟೆಗಳನ್ನು ಬಹಳ ಹೊತ್ತು ನೋಡುತ್ತಿದ್ದಳು. ವಾಪಸ್ ಬಂದವಳೇ ಮಾವನಿಗೆ ಫೋನು ಮಾಡಿ, "ಟಿಕೆಟ್ ಕ್ಯಾನ್ಸಲ್ ಮಾಡಪ್ಪ" ಎಂದಳು. ಅವನು ಕೂಗಾಡಿದ್ದು ನನಗೂ ಕೇಳಿಸಿತು. ಇವಳು ಹೇಳಿದ್ದು ಒಂದೇ ಮಾತು: "ಜ್ವರಕ್ಕೆ ಕೂತಿರೋದನ್ನ ತಟ್ಟೆಯಿಂದ ಎತ್ತಬಾರದಂತೆ ಕಣೋ, ಸತ್ತೋಗುತ್ತಂತೆ." ಟಿಕೆಟ್ಟಿನ ಪ್ರತಿಯನ್ನು ಲಕೋಟೆಯಿಂದ ತೆಗೆದಿದ್ದೇನೆ. ಜ್ವರದಿಂದ ಎದ್ದವಕ್ಕೆ ಹಸಿವು ಜಾಸ್ತಿ ಎಂದು ಅಜ್ಜಿ ಹೇಳಿದಳಂತೆ, ಅದಕ್ಕೆ ನಿಮ್ಮಮ್ಮ ಈಗ ನಿಪ್ಪಟ್ಟಿಗೆ ಹಿಟ್ಟು ಕಲೆಸುತ್ತಿದ್ದಾಳೆ, ನೀನು ಅಲ್ಲಿ ಎಲ್ಲರಿಗೂ ಹಂಚಬೇಕಂತೆ. ಮಾಲಾಳ ಬ್ಯಾಗಿನಲ್ಲಿ ಜಾಗ ಇದೆಯೋ ಇಲ್ಲವೋ. ಅಡುಗೆಮನೆಯಿಂದಲೇ ಕೂಗಿ ಇನ್ನೊಂದು ಬರೆಯಲು ಹೇಳುತ್ತಿದ್ದಾಳೆ: ನಿಲ್ಲು, ಆದರೆ ಯಾವ ಸೂರಿನ ಕೆಳಗೂ ನಿಲ್ಲಬೇಡ.