ರೌಟರಿನ ತೂತು, ಅತ್ತೆಯ ಪೊರಕೆಕಡ್ಡಿ

ಅತ್ತೆ,

ಹುಣಸೂರು ಬಸ್ಸು ಬಿಳಿಕೆರೆ ಬುಟ್ಟೈತಂತೆ, ನಿಂತು ಹೇಳಕ್ಕೆ ಪುರಸೊತ್ತಿಲ್ಲ.

ಟೀವಿ ಪಕ್ಕದ ಕರಿ ರೌಟರಿಗೆ ಕಾಲೇಜು ಲ್ಯಾಬಿನ ಹೊಸ ಸಾಫ್ಟ್‌ವೇರು ಹಾಕಿದ್ದೀನಿ, ಇನ್ನೂ ಮುಗಿದಿಲ್ಲ. ಗುಡುಗಿದರೂ ಪ್ಲಗ್ಗು ಕೀಳಬೇಡಿ, ಮಧ್ಯೆ ಕರೆಂಟು ತಪ್ಪಿದರೆ ಅದು ಕೆಟ್ಟು ಕೂರುತ್ತೆ.

ನಿನ್ನೆ ಧೂಳು ತೆಗೀತೀನಿ ಅಂತ ಅದರ ಬೆನ್ನಿನ ತೂತಿಗೆ ಪೊರಕೆಕಡ್ಡಿ ಚುಚ್ಚಿ ಒತ್ತಿದ್ರಲ್ಲ, ನಾನು ಮಾಡಿದ್ದ ಸೆಟ್ಟಿಂಗೆಲ್ಲ ಅಳಿಸಿಹೋಗಿತ್ತು. ನಾಳೆ ಕಾಲೇಜಲ್ಲಿ ಅದರ ಮೇಲೇ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ, ಅದಕ್ಕೇ ಕೂಗಾಡಿಬಿಟ್ಟೆ. ಆಗ್ಲಿಂದ ನೀವು ಟೀವಿ ಹತ್ರಾನೇ ಸುಳಿದಿಲ್ಲ, ತಪ್ಪು ನಂದೇ.

ಮಂಚದ ಕೆಳಗೆ ಊರೋರು ಕೊಟ್ಟ ಹಳೇ ರೌಟರುಗಳ ಬುಟ್ಟಿ ಐತೆ. ಮಕ್ಕಳ ಕೈಗೆ ಕೊಡೋಕೆ ಮುಂಚೆ ಅವುಗಳಲ್ಲಿರೋ ಊರೋರ ಪಾಸ್‌ವರ್ಡೆಲ್ಲ ಅಳಿಸಲೇಬೇಕು, ನನ್ನೊಬ್ಬಳ ಕೈಲಿ ಆಗಲ್ಲ. ಒಂದೊಂದಕ್ಕೂ ಕರೆಂಟು ಕೊಟ್ಟು, ದೀಪವೆಲ್ಲ ಒಟ್ಟಿಗೆ ಮಿಣುಕೋವರೆಗೂ ನಿನ್ನೆ ಥರಾನೇ ತೂತಿನೊಳಗೆ ಒತ್ತಿ ಹಿಡೀರಿ.

ನಿಮ್ಮಿಂದ ಕಿತ್ತುಕೊಂಡ ಕಡ್ಡೀನ ಬುಟ್ಟಿ ಮೇಲೇ ಇಟ್ಟಿದ್ದೀನಿ.

ರಮ್ಯ