ಗುಣಾಕಾರದಲ್ಲೇ ನಿಂತುಹೋದ ಮೂರನೇ ತರಗತಿ

ವೇದಿಕೆಯ ಮೇಲಿನ ಗಣ್ಯರೇ, ಚಾಪೆಯ ಮೇಲಿನ ಮಕ್ಕಳೇ, ಇಬ್ಬರಿಗೂ ಕಾಣದಷ್ಟು ಎತ್ತರದಲ್ಲಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮೂರ ಸರ್ಕಾರಿ ಶಾಲೆಯ ಮೂರನೇ ತರಗತಿಯಲ್ಲಿ ಗುಣಾಕಾರ ಮುಗಿಯಿತು. ಭಾಗಾಕಾರ ಶುರುವಾಗುವ ಮೊದಲೇ ಟೀಚರ್ ಮುಗಿದರು. ಸತ್ತರೆಂದಲ್ಲ, ಗಾಬರಿ ಬೇಡ. ಕಾಯಂ ಶಿಕ್ಷಕರು ಬಂದಿದ್ದಾರೆಂದು ಅತಿಥಿ ಶಿಕ್ಷಕಿಯನ್ನು ತಾವು ಬಿಡುಗಡೆ ಮಾಡಿದಿರಿ. ಕಾಯಂ ಶಿಕ್ಷಕರು ಬಂದದ್ದು ನಿಜ. ಸಹಿ ಹಾಕಿ, ಸಂಜೆಯೊಳಗೆ ನಿಯೋಜನೆಯ ಮೇಲೆ ತಮ್ಮದೇ ಕಚೇರಿಗೆ ಹೋದದ್ದೂ ನಿಜ.

ಭಾಗಾಕಾರ ಆಮೇಲೆ ನೋಡಿಕೊಂಡರಾಯಿತು ಎಂದು ತಮಗೆ ಅನ್ನಿಸಿರಬಹುದು. ಅದೇನು ಬೇರೆ ಪಾಠವೇ, ಮಾನ್ಯರೇ? ಹುಣಸೆಬೀಜಗಳನ್ನು ಮೂರು ಮೂರರಂತೆ ನಾಲ್ಕು ಸಾಲು ಜೋಡಿಸಿದರೆ ಗುಣಾಕಾರ. ಅದೇ ಸಾಲುಗಳನ್ನು ನಾಲ್ವರ ಕೈಗೆ ಕೊಟ್ಟರೆ ಭಾಗಾಕಾರ. ಬೀಜ ಅವೇ, ಮಗ್ಗಿಯೂ ಅದೇ. ಬಿಡುಗಡೆಯಾದ ಟೀಚರ್ ಹಾಡು ಕಟ್ಟಿದ್ದರು:

ನಾಲ್ಕು ಮಂದಿ ಸಾಲು ಸಾಲು,
ಮೂರು ಮೂರು ಎಲ್ಲರ ಪಾಲು.
ಹನ್ನೆರಡನ್ನು ಹಂಚಿ ನೋಡು,
ಅದೇ ಮಗ್ಗಿ ತಿರುಗಿಸಿ ಹಾಡು.

ಮಕ್ಕಳು ಕಲಿತದ್ದು ಮೊದಲೆರಡು ಸಾಲು ಮಾತ್ರ. ಬಾವಿಗೆ ಕೊಡ ಇಳಿಸಿದ ಮೇಲೆ ಹಗ್ಗ ಎಳೆಯುವವರನ್ನು ವರ್ಗ ಮಾಡಿದರೆ ಹೇಗೋ, ಹಾಗೆ.

ಪರಿಣಾಮ ಕೇಳಿ. ಆ ತರಗತಿಯ ಸ್ಪಂದನಳ ತಾಯಿ ಪ್ರಮೀಳಾ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು.

"ಹನ್ನೆರಡು ಪೇರಲಹಣ್ಣು ಅದಾವೆ, ಮೂವರಿಗೆ ಹಂಚೇ ಅಂದ್ರೆ, ಒಬ್ಬೊಬ್ರಿಗೆ ಮೂವತ್ತಾರು ಅಂತಾಳ್ರೀ! ಅಷ್ಟು ಎಲ್ಲಿಂದ ತರ್ಲಿ, ನಿಮ್ಮಪ್ಪ ತೋಟ ಮಾಡ್ಯಾನೇನು ಅಂದೆ. 'ಲೆಕ್ಕದಾಗ ಹಂಗೇ ಬರ್ತತಿ, ನೀ ಸುಮ್ನಿರವ್ವ' ಅಂತು."

ಹಂಚಿದಷ್ಟೂ ಹೆಚ್ಚಾಗುವ ಇಂಥ ಯೋಜನೆ ಯಾವ ಇಲಾಖೆಯಲ್ಲಿದೆ? ನಾವು ನಗಬಹುದು. ಆದರೆ ಮುಂದಿನ ವರ್ಷ ಆ ಹುಡುಗಿಗೆ ದೊಡ್ಡ ಭಾಗಾಕಾರ ಬರುತ್ತದೆ. ಆಗ ಅವಳನ್ನು 'ನಿಧಾನ ಕಲಿಕೆಯ ಮಗು' ಎಂದು ಹಿಂದೆ ಕೂರಿಸುತ್ತಾರೆ. ಅವಳು ನಿಧಾನವಲ್ಲ. ಅವಳಿಗೆ ಅರ್ಧವನ್ನಷ್ಟೇ ಹೇಳಿಕೊಟ್ಟಿದ್ದಾರೆ.

ಆದ್ದರಿಂದ ಬರುವ ಸೋಮವಾರ ಆ ತರಗತಿಗೆ ಒಬ್ಬರನ್ನು ಕಳಿಸಿ. ಕಾಯಂ ಆಗಲಿ, ಅತಿಥಿಯಾಗಲಿ, ಹಲಗೆಯ ಮುಂದೆ ನಿಲ್ಲುವ ಮನುಷ್ಯರಾದರೆ ಸಾಕು.

ಬಿಡುಗಡೆಯಾದ ಆ ಟೀಚರ್ ನಾನೇ. ಆದೇಶ ಓದಿ, ಮಡಚಿಟ್ಟು, ಅಕ್ಕಿ ಆರಿಸಲು ಕೂತೆ, ಏನೂ ಅನ್ನಿಸಲಿಲ್ಲ. ಪ್ರಮೀಳಾ ಹಣ್ಣಿನ ಮಾತು ತೆಗೆದದ್ದು, "ಯಾವಾಗ ಬರ್ತೀರಿ ಟೀಚರ್ರೇ?" ಎಂದು ಕೇಳಲಿಕ್ಕೆ. ನನ್ನ ಬಸ್ ಬಂತು ಎಂದು ಹತ್ತಿಬಿಟ್ಟೆ. ಅದು ಆನವಟ್ಟಿಗೆ ಹೋಗುವ ಬಸ್. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಇಂತಿ,
ಸದ್ಯಕ್ಕೆ ಯಾವ ತರಗತಿಗೂ ಸೇರದ
ನೀಲಾಂಬಿಕ